ಎತ್ರೆತಾದ ಸೀಮೆಸುಣ್ಣದ ಬಂಡೆ, ಅದರ ಬುಡದ ಕಲ್ಲಿನ ತೀರ: ಹೋಗುವ ಮುನ್ನ ತಿಳಿದಿರಬೇಕಾದದ್ದು

ಪ್ರಶ್ನೆ: ನಾವು ಮೈಸೂರಿನವರು. ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಬರುವ ಏಪ್ರಿಲ್‌ನಲ್ಲಿ ನಾನು, ನನ್ನ ಹೆಂಡತಿ ಮತ್ತು 71 ವರ್ಷದ ನಮ್ಮ ತಾಯಿ ಅವಳಲ್ಲಿಗೆ ಹೋಗುವವರಿದ್ದೇವೆ. ನಾರ್ಮಂಡಿಯ ಎತ್ರೆತಾ ಎಂಬ ಹಳೆಯ ಊರಿನ ಬಿಳಿ ಬಂಡೆಗಳನ್ನೂ ಅವುಗಳ ಕೆಳಗಿರುವ ಕಲ್ಲಿನ ಕಡಲತೀರವನ್ನೂ ತೋರಿಸಬೇಕೆಂದು ಮಗಳ ಆಸೆ. ಬಂಡೆಯ ಬುಡದಲ್ಲಿ ನಡೆಯುವುದು ಅಪಾಯವೇ? ಮಂಡಿನೋವಿರುವ ತಾಯಿಯವರಿಗೆ ಆ ಕಲ್ಲುಗಳ ಮೇಲೆ ನಡೆಯಲು ಆದೀತೇ? ಅಲ್ಲಿಂದ ನಾಲ್ಕು ನುಣುಪು ಕಲ್ಲು ತಂದು ತುಳಸಿಕಟ್ಟೆಯ ಬಳಿ ಇಡಬೇಕೆಂದು ಅವರ ಬಯಕೆ, ತರಬಹುದೇ?

ಉತ್ತರ: ಮೊದಲು ನೇರ ಉತ್ತರಗಳನ್ನು ಹೇಳಿಬಿಡುತ್ತೇನೆ. ಬಂಡೆಯ ಬುಡಕ್ಕೆ ಹೋಗಬೇಡಿ, ಎಷ್ಟು ಜನ ಹೋಗುತ್ತಿರುವುದು ಕಂಡರೂ ಹೋಗಬೇಡಿ. ತಾಯಿಯವರು ಕಲ್ಲಿನ ಮೇಲೆ ಹತ್ತಿಪ್ಪತ್ತು ಹೆಜ್ಜೆ ಇಟ್ಟರೆ ಸಾಕು. ಉಳಿದದ್ದೆಲ್ಲ ತೀರದ ಉದ್ದಕ್ಕೂ ಇರುವ ಕಟ್ಟೆಯ ಮೇಲಿಂದಲೇ ಚೆನ್ನಾಗಿ ಕಾಣುತ್ತದೆ. ಕಲ್ಲು ತರಬೇಡಿ. ಈ ಮೂರು ಮಾತುಗಳು ಮೂರು ಬೇರೆ ಬೇರೆ ವಿಷಯಗಳಂತೆ ತೋರಿದರೂ ಮೂರಕ್ಕೂ ಕಾರಣ ಒಂದೇ. ಭೂವಿಜ್ಞಾನ ಕಲಿಸುವುದರಲ್ಲಿ ಮೂರು ದಶಕ ಕಳೆದ ನಾನು ಆ ತೀರಕ್ಕೆ ಮೂರು ಬಾರಿ ಹೋಗಿದ್ದೇನೆ. ಅಲ್ಲಿ ಬಂಡೆ, ಕಲ್ಲು, ಅಲೆ ಈ ಮೂರೂ ಸೇರಿ ಮಾಡುತ್ತಿರುವ ಕೆಲಸ ಇನ್ನೂ ಮುಗಿದಿಲ್ಲ ಎಂಬುದನ್ನು ಅರ್ಥಮಾಡಿಕೊಂಡರೆ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದು ತಾನಾಗಿಯೇ ಹೊಳೆಯುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಆ ಬಂಡೆ ಆಗಿರುವುದು ಸೀಮೆಸುಣ್ಣದಿಂದ. ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಕಡ್ಡಿಗೆ ನಾವು ಕೊಟ್ಟ ಹೆಸರು ಆ ಬಂಡೆಗೆ ಅಕ್ಷರಶಃ ಒಪ್ಪುತ್ತದೆ, ಏಕೆಂದರೆ ಅದು ಬೇರೆ ಸೀಮೆಯ ಸುಣ್ಣವೇ. (ಇಂದಿನ ಸೀಮೆಸುಣ್ಣದ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಮ್‌ನಿಂದ ಮಾಡುತ್ತಾರೆ ಎಂಬುದು ಬೇರೆ ಮಾತು.) ಸುಮಾರು 9 ಕೋಟಿ ವರ್ಷಗಳ ಹಿಂದೆ ಇಂದಿನ ಉತ್ತರ ಫ್ರಾನ್ಸ್ ಮತ್ತು ದಕ್ಷಿಣ ಇಂಗ್ಲೆಂಡ್ ಬೆಚ್ಚಗಿನ ಕಡಲಿನ ಕೆಳಗಿದ್ದವು. ಆ ಕಡಲಿನಲ್ಲಿ ತೇಲುತ್ತಿದ್ದ ಒಂದು ಬಗೆಯ ಸೂಕ್ಷ್ಮ ಪಾಚಿಗಳು ತಮ್ಮ ಮೈಮೇಲೆ ಸುಣ್ಣದ ಪುಟ್ಟ ಬಿಲ್ಲೆಗಳನ್ನು ಹೊದ್ದಿರುತ್ತಿದ್ದವು. ಒಂದೊಂದು ಬಿಲ್ಲೆಯೂ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು. ಪಾಚಿ ಸತ್ತ ಮೇಲೆ ಅವು ತಳಕ್ಕಿಳಿದು, ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ನಿಧಾನವಾಗಿ ಪದರ ಕಟ್ಟಿದವು. ಈಗ ನೀವು ನೋಡಲಿರುವ, ಕೆಲವೆಡೆ 90 ಮೀಟರ್‌ವರೆಗೆ ಏರುವ ಗೋಡೆ ಆ ಬಿಲ್ಲೆಗಳ ರಾಶಿಯೇ.

ಇಲ್ಲಿ ಕನ್ನಡಿಗರಾದ ನಮಗೆ ಹತ್ತಿರದ ಸಂಗತಿಯೊಂದಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಕಂಬವಾಗಿ ನಿಂತ ಕಲ್ಲುಗಳನ್ನು ನೀವು ನೋಡಿರಬಹುದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಂದಿಗೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗಿ ಆದ ಕಂಬಗಳು ಅವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕುದಿಯುವ ಕಲ್ಲು ಹರಿಯುತ್ತಿದ್ದ ಹೊತ್ತಿಗೆ, ಎತ್ರೆತಾ ಇರುವ ಜಾಗದಲ್ಲಿ ಸದ್ದಿಲ್ಲದೆ ಸುಣ್ಣ ಇಳಿಯುತ್ತಿತ್ತು. ಎರಡನ್ನೂ ನೋಡಿದವರಿಗೆ ಈ ಸಮಕಾಲೀನತೆಯನ್ನು ನೆನೆದಾಗ ಆಗುವ ಬೆರಗು ಸಣ್ಣದಲ್ಲ. ತಾಯಿಯವರಿಗೆ ಇದನ್ನು ಅಲ್ಲಿಯೇ ಕುಳಿತು ಹೇಳಿ.

ಬಂಡೆಯನ್ನು ದೂರದಿಂದ ನೋಡಿದರೆ ಬಿಳಿಯ ನಡುವೆ ಅಡ್ಡಡ್ಡಲಾಗಿ ಕಪ್ಪು ಗೆರೆಗಳು ಕಾಣುತ್ತವೆ. ಅವು ಚಕಮಕಿ ಕಲ್ಲಿನ ಸಾಲುಗಳು. ಅದೇ ಕಡಲಿನ ತಳದಲ್ಲಿದ್ದ ಸ್ಪಂಜು ಮೊದಲಾದ ಜೀವಿಗಳ ಮೈಯಲ್ಲಿದ್ದ ಸಿಲಿಕಾ ಕರಗಿ, ಸುಣ್ಣದ ಕೆಸರಿನೊಳಗಿನ ಬಿಲಗಳಲ್ಲಿ ಮತ್ತೆ ಗಟ್ಟಿಯಾಗಿ, ಶುಂಠಿಯಂತೆ ಗಂಟುಗಂಟಾದ ಉಂಡೆಗಳಾಯಿತು. ಸುಣ್ಣವನ್ನು ಉಗುರಿನಿಂದ ಗೀರಬಹುದು. ಚಕಮಕಿಯಿಂದ ಗಾಜನ್ನು ಗೀರಬಹುದು. ಬಂಡೆ ಕುಸಿದಾಗ ಮೆದುವಾದ ಸುಣ್ಣವನ್ನು ಅಲೆ ಕೆಲವು ತಿಂಗಳುಗಳಲ್ಲಿ ಅರೆದು ಕರಗಿಸಿಬಿಡುತ್ತದೆ, ದಡದ ನೀರು ಹಾಲು ಬೆರೆಸಿದಂತೆ ಕಾಣುವುದು ಅದರಿಂದಲೇ. ಕರಗದೆ ಉಳಿಯುವುದು ಚಕಮಕಿಯ ಉಂಡೆಗಳು. ಅವು ಒಂದಕ್ಕೊಂದು ಉಜ್ಜಿಕೊಂಡು, ಮೂಲೆಗಳನ್ನು ಕಳೆದುಕೊಂಡು ದುಂಡಗಾಗುತ್ತವೆ. ಅಲ್ಲಿನವರು ಅವನ್ನು ‘ಗಾಲೆ’ ಎನ್ನುತ್ತಾರೆ. ಅಂದರೆ ನೀವು ನಡೆಯಲಿರುವ ತೀರ, ಹಿಂದೆ ಅಲ್ಲಿ ನಿಂತಿದ್ದು ಬಿದ್ದುಹೋದ ಬಂಡೆಗಳ ಉಳಿಕೆ.

ಈ ಮಾತಿನಿಂದಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಲ್ಲು ಹೊಸದಾಗಿ ಬರಬೇಕಾದರೆ ಬಂಡೆ ಬೀಳುತ್ತಲೇ ಇರಬೇಕು, ಬೀಳುತ್ತಲೂ ಇದೆ. ನಾರ್ಮಂಡಿಯ ಈ ಬಂಡೆಸಾಲು ಒಟ್ಟಾರೆ ವರ್ಷಕ್ಕೆ ಸರಾಸರಿ 20 ಸೆಂಟಿಮೀಟರಿನ ಆಸುಪಾಸು ಹಿಂದೆ ಸರಿಯುತ್ತಿದೆ ಎಂದು ಅಳೆದಿದ್ದಾರೆ. ಎತ್ರೆತಾದ ಸುತ್ತ ಕಲ್ಲು ಗಟ್ಟಿಯಾದ್ದರಿಂದ ಅದಕ್ಕಿಂತ ಕಡಿಮೆ. ಆದರೆ ಸರಾಸರಿಯನ್ನು ನಂಬಿ ಬುಡದಲ್ಲಿ ನಿಲ್ಲುವುದು ತಪ್ಪು. ಒಂದು ಜಾಗದಲ್ಲಿ ಹತ್ತಾರು ವರ್ಷ ಏನೂ ಆಗದೆ, ಒಂದು ದಿನ ಕೆಲವೇ ಕ್ಷಣಗಳಲ್ಲಿ ಸಾವಿರಾರು ಟನ್ ಬೀಳುತ್ತದೆ. ಸುಣ್ಣದ ಬಂಡೆ ಸ್ಪಂಜಿನಂತೆ ನೀರು ಹೀರುತ್ತದೆ. ಚಳಿಗಾಲದ ಮಳೆಯಲ್ಲಿ ನೆಂದು ಭಾರವಾಗುತ್ತದೆ. ಹಿಮ ಬಿದ್ದ ರಾತ್ರಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಬುಡವನ್ನು ಅಲೆ ಕೊರೆಯುತ್ತಿರುತ್ತದೆ. ಒಳಗೆ ನಡೆಯುವ ಈ ಕೆಲಸದ ಸುಳಿವು ಹೊರಗೆ ಸಿಗುವುದಿಲ್ಲ. ಬಿಸಿಲು ಹೊಳೆಯುವ, ಗಾಳಿಯಿಲ್ಲದ ಮಧ್ಯಾಹ್ನವೂ ಬಂಡೆ ಬೀಳಬಹುದು. ಏಪ್ರಿಲ್ ಎಂದರೆ ಚಳಿಗಾಲವಿಡೀ ನೆಂದ ಬಂಡೆ ಇನ್ನೂ ಒಣಗುತ್ತಿರುವ ಕಾಲ.

ಎಷ್ಟು ದೂರ ನಿಲ್ಲಬೇಕು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಬಿಡಿಕಲ್ಲು ಬಿದ್ದರೆ ಹೆಚ್ಚು ದೂರ ಹೋಗದು. ಆದರೆ ದೊಡ್ಡ ಕುಸಿತದ ಅವಶೇಷ ಬಂಡೆಯ ಎತ್ತರಕ್ಕಿಂತಲೂ ಆಚೆಗೆ ಹರಡಬಲ್ಲದು. ಹಾಗಾಗಿ ಇಷ್ಟು ಮೀಟರ್ ಎಂದು ಲೆಕ್ಕ ಹಾಕುವುದಕ್ಕಿಂತ, ಊರಿನ ಮುಂದಿನ ತೀರದ ನಡುಭಾಗದಲ್ಲಿ, ಎರಡೂ ಬದಿಯ ಬಂಡೆಗಳಿಂದ ದೂರದಲ್ಲಿ ಇರುವುದೇ ಸರಿ. ‘ಶ್ಯೂತ್ ದ ಪಿಯೆರ್’ (ಕಲ್ಲು ಬೀಳುತ್ತದೆ), ‘ಎಬೂಲ್ಮಾಂ’ (ಕುಸಿತ) ಎಂಬ ಮಾತುಗಳಿರುವ ಫಲಕ ಕಂಡರೆ ಅಲ್ಲಿಂದ ಮುಂದೆ ಹೋಗಬಾರದು. ಬಂಡೆಯ ಮೇಲೆ ಹತ್ತಿದವರಿಗೂ ಇದೇ ಎಚ್ಚರ ಬೇಕು. ಅಂಚಿನಲ್ಲಿ ಹಸಿರು ಹುಲ್ಲು ನೆಲದಂತೆ ಕಂಡರೂ ಅದರ ಕೆಳಗೆ ಸುಣ್ಣ ಬಿದ್ದುಹೋಗಿ ಟೊಳ್ಳಾಗಿರಬಹುದು. ಬಹುಪಾಲು ಕಡೆ ತಡೆಬೇಲಿಯೂ ಇಲ್ಲ. ಫೋಟೋಗಾಗಿ ಅಂಚಿಗೆ ಹೋಗದಂತೆ ಮಗಳಿಗೆ ಈಗಲೇ ಹೇಳಿಡಿ.

ಬಂಡೆಗಿಂತಲೂ ಹೆಚ್ಚು ಜನರನ್ನು ಅಲ್ಲಿ ಕಷ್ಟಕ್ಕೆ ಸಿಲುಕಿಸುವುದು ಭರತ. ನಮ್ಮ ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರಿನ ಆಸುಪಾಸು ವ್ಯತ್ಯಾಸ. ಎತ್ರೆತಾದಲ್ಲಿ ದೊಡ್ಡ ಭರತದ ದಿನ ಅದು 7ರಿಂದ 8 ಮೀಟರ್, ಎಂದರೆ ಎರಡು ಮಹಡಿಯ ಮನೆಯಷ್ಟು. ಸುಮಾರು ಆರು ಗಂಟೆಯಲ್ಲಿ ಏರುವ ಈ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆ ತೀರಾ ನಿಧಾನ, ನಡುವಿನ ಎರಡು ಗಂಟೆಗಳಲ್ಲಿ ಸುಮಾರು ಅರ್ಧದಷ್ಟು ಏರಿಬಿಡುತ್ತದೆ. ಮೊದಲ ಗಂಟೆಯ ನಿಧಾನವನ್ನು ಕಂಡು ಧೈರ್ಯ ತಂದುಕೊಂಡವರೇ ಬಂಡೆಯ ಮೂಲೆಯ ಆಚೆ ಸಿಕ್ಕಿಹಾಕಿಕೊಳ್ಳುವುದು. ಪಶ್ಚಿಮದ ಬದಿಯಲ್ಲಿ ಬಂಡೆಯನ್ನು ತೂರಿಹೋಗುವ ಸುರಂಗವೊಂದಿದ್ದು, ಇಳಿತದ ವೇಳೆ ಅದರ ಮೂಲಕ ಪಕ್ಕದ ತೀರಕ್ಕೆ ಹೋಗುವವರಿದ್ದಾರೆ. ನೀರು ಏರಿದರೆ ಹಿಂದೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಕುಟುಂಬದೊಂದಿಗೆ ಹೋಗುವ ನಿಮಗೆ ಆ ದಾರಿ ಬೇಡವೇ ಬೇಡ.

ಭರತವನ್ನು ತಿಳಿಯಲು ನಿಮಗೆ ಒಂದು ಅನುಕೂಲವಿದೆ: ಮನೆಯ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಗಳು ಕಳೆದ ಒಂದೆರಡು ದಿನಕ್ಕೆ ಭರತ ಅತಿ ದೊಡ್ಡದು; ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಅತಿ ಸಣ್ಣದು. ವಿಷುವದ ಸಮೀಪದ ಮಾರ್ಚ್, ಏಪ್ರಿಲ್‌ಗಳಲ್ಲಿ ದೊಡ್ಡ ಭರತ ಇನ್ನೂ ದೊಡ್ಡದು. ಆ ಊರಿಗೆ ಹೋದ ಮೇಲೆ ಭರತದ ಪಟ್ಟಿಯನ್ನು ನೋಡಿ. ‘ಪ್ಲೆನ್ ಮೆರ್’ ಎಂದರೆ ನೀರು ತುಂಬಿದ ಹೊತ್ತು, ‘ಬಾಸ್ ಮೆರ್’ ಎಂದರೆ ಇಳಿದ ಹೊತ್ತು. ಅದರ ಪಕ್ಕದಲ್ಲಿ 20ರಿಂದ 120ರ ನಡುವಿನ ಒಂದು ಸಂಖ್ಯೆ ಇರುತ್ತದೆ; ಫ್ರೆಂಚರು ಭರತದ ಬಲವನ್ನು ಹೇಳುವ ಗುಣಾಂಕ ಅದು. 45ರ ಸುತ್ತ ಇದ್ದರೆ ಸಣ್ಣ ಭರತ, 95 ದಾಟಿದರೆ ದೊಡ್ಡದು. ಗುಣಾಂಕ ದೊಡ್ಡದಿದ್ದು ಗಾಳಿಯೂ ಕಡಲಿನಿಂದ ಬೀಸುತ್ತಿದ್ದರೆ, ಅಲೆ ಕಲ್ಲುಗಳನ್ನು ಎತ್ತಿ ಕಟ್ಟೆಯ ಮೇಲಕ್ಕೇ ಎಸೆಯಬಲ್ಲದು. ಅಂತಹ ದಿನ ಕಟ್ಟೆಯ ಅಂಚೂ ಕ್ಷೇಮವಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಊರನ್ನು ಬಲ್ಲವರೂ ಇಲ್ಲಿ ಎಡವಿದ್ದಾರೆ. ಚಿತ್ರಕಾರ ಕ್ಲೋದ್ ಮೊನೆ 1883ರಿಂದ ಮುಂದಿನ ಕೆಲವು ವರ್ಷ ಮತ್ತೆ ಮತ್ತೆ ಇಲ್ಲಿಗೆ ಬಂದು ಈ ಬಂಡೆಗಳನ್ನು ಬರೆದವರು. 1885ರ ನವೆಂಬರ್‌ನಲ್ಲಿ ಅವರು ಮಾನ್‌ಪೋರ್ತ್ ಎಂಬ ದೊಡ್ಡ ಕಮಾನಿನ ಬಳಿ ಬಂಡೆಗೆ ಒತ್ತಿಕೊಂಡು ಚಿತ್ರ ಬರೆಯುತ್ತಿದ್ದರು. ನೀರು ಇಳಿಯುತ್ತಿದೆ ಎಂದು ಅವರು ಭಾವಿಸಿದ್ದರು; ವಾಸ್ತವವಾಗಿ ಏರುತ್ತಿತ್ತು. ದೊಡ್ಡ ಅಲೆಯೊಂದು ಅವರನ್ನು ಬಂಡೆಗೆ ಅಪ್ಪಳಿಸಿ, ಬಣ್ಣ, ಚಿತ್ರದ ಚೌಕಟ್ಟುಗಳ ಸಮೇತ ಎಳೆದೊಯ್ಯಿತು. ಹೇಗೋ ಕೈಕಾಲು ಊರಿ ದಡ ಸೇರಿದರು. ಆ ಕಡಲನ್ನು ದಿನವಿಡೀ ಕಣ್ಣಿಟ್ಟು ನೋಡುವುದೇ ಕಸುಬಾಗಿದ್ದ ಮನುಷ್ಯನ ಕಥೆ ಇದು.

ಇನ್ನು ತಾಯಿಯವರ ಮಂಡಿಯ ಮಾತು. ಮರಳಿನ ಮೇಲೆ ಹೆಜ್ಜೆ ಊರುತ್ತದೆ. ಗಾಲೆಯ ಮೇಲೆ ಹೆಜ್ಜೆ ಜಾರುತ್ತದೆ. ಮೊಟ್ಟೆಯಿಂದ ತೆಂಗಿನಕಾಯಿಯವರೆಗಿನ ಗಾತ್ರದ ಕಲ್ಲುಗಳು ಪಾದದ ಕೆಳಗೆ ಉರುಳುವುದರಿಂದ, ಪ್ರತಿ ಹೆಜ್ಜೆಗೂ ಹಿಮ್ಮಡಿ, ಮಂಡಿ, ಸೊಂಟ ಮೂರೂ ತೂಕ ಸರಿಪಡಿಸಿಕೊಳ್ಳಬೇಕು. ಮೇಲಾಗಿ ತೀರ ಇಳಿಜಾರು: ಅಲೆಗಳು ಕಲ್ಲನ್ನು ಮೇಲಕ್ಕೆ ತಳ್ಳಿ, ನೀರು ಕಲ್ಲಿನ ಸಂದಿಯೊಳಗೆ ಇಂಗಿಹೋಗುವುದರಿಂದ ಕಲ್ಲು ಹಿಂದಕ್ಕೆ ಬರದೆ, ಮೆಟ್ಟಿಲು ಮೆಟ್ಟಿಲಾದ ದಿಬ್ಬಗಳು ಏಳುತ್ತವೆ. ಇಳಿಯುವಾಗ ಸುಲಭವೆನಿಸಿ, ಹತ್ತುವಾಗ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತದೆ. ಇದು ಎಷ್ಟು ಕಷ್ಟದ ನೆಲ ಎಂಬುದಕ್ಕೆ ಅದೇ ಕರಾವಳಿಯ ದಿಯೆಪ್ ಊರಿನ ಸಾಕ್ಷಿ ಇದೆ. 1942ರ ಆಗಸ್ಟ್ 19ರಂದು ಎರಡನೆಯ ಮಹಾಯುದ್ಧದಲ್ಲಿ ಸುಮಾರು 5,000 ಕೆನಡಾದ ಸೈನಿಕರು ಅಲ್ಲಿನ ತೀರದ ಮೇಲೆ ದಾಳಿಗಿಳಿದಾಗ, ಅವರ ಹಲವು ಟ್ಯಾಂಕುಗಳ ಚೈನಿನ ಪಟ್ಟಿಗಳಿಗೆ ಇವೇ ಚಕಮಕಿ ಕಲ್ಲುಗಳು ಸಿಕ್ಕಿಕೊಂಡು ಟ್ಯಾಂಕುಗಳು ನಿಂತಲ್ಲೇ ನಿಂತವು. ಅಂದು 900ಕ್ಕೂ ಹೆಚ್ಚು ಕೆನಡಿಯನ್ನರು ಸತ್ತರು. ಬಂಡೆಗಳ ಮೇಲಿದ್ದ ಜರ್ಮನ್ ಬಂದೂಕುಗಳ ಕೆಳಗೆ, ಓಡಲಾಗದ ಕಲ್ಲಿನ ಮೇಲೆ.

ಆದ್ದರಿಂದ ತಾಯಿಯವರಿಗೆ ದಪ್ಪ ಅಡಿಯ, ಹಿಮ್ಮಡಿಯನ್ನು ಹಿಡಿದಿಡುವ ಬೂಟು ಹಾಕಿಸಿ. ಚಪ್ಪಲಿ, ಸ್ಯಾಂಡಲ್ ಬೇಡ. ಊರುಗೋಲು ಕಲ್ಲಿನ ಸಂದಿಗೆ ಸಿಕ್ಕಿ ಬೀಳಿಸಬಹುದಾದ್ದರಿಂದ, ಅದಕ್ಕಿಂತ ಒಬ್ಬರು ತೋಳು ಹಿಡಿದುಕೊಳ್ಳುವುದು ಮೇಲು. ಕಟ್ಟೆಯಿಂದ ಇಳಿಯುವ ಮೆಟ್ಟಿಲಿನ ಪಕ್ಕದಲ್ಲಿಯೇ ಹತ್ತು ಹೆಜ್ಜೆ ನಡೆದು, ಕಲ್ಲಿನ ಮೇಲೆ ಕುಳಿತು, ಮತ್ತೆ ಮೇಲೆ ಬರಲಿ. ಕಟ್ಟೆ ಸಮತಟ್ಟಾಗಿದೆ, ಕೂರಲು ಜಾಗವಿದೆ. ಅಲ್ಲಿ ಕುಳಿತರೆ ಬಲಗಡೆಗೆ ಅಮೋಂ ಬಂಡೆ, ಎಡಗಡೆಗೆ ಅವಾಲ್ ಬಂಡೆ, ಅದರ ತುದಿಯಲ್ಲಿ ಆನೆಯೊಂದು ಸೊಂಡಿಲನ್ನು ಕಡಲಿಗೆ ಇಳಿಸಿದಂತಹ ಕಮಾನು, ಅದರಾಚೆ ನೀರಿನಿಂದ ನೆಟ್ಟಗೆ ಎದ್ದ ಸೂಜಿಬಂಡೆ. ಹಿಂದೊಮ್ಮೆ ಒಂದೇ ಆಗಿದ್ದ ಬಂಡೆಯನ್ನು ಬಿರುಕುಗಳ ಗುಂಟ ನೀರು ಕೊರೆದಾಗ ಗುಹೆ, ಗುಹೆ ತೂತಾದಾಗ ಕಮಾನು, ಕಮಾನಿನ ನೆತ್ತಿ ಬಿದ್ದಾಗ ಒಂಟಿ ಸೂಜಿ. ಈ ಮೂರೂ ಹಂತಗಳನ್ನು ಒಂದೇ ಕಡೆ ಕುಳಿತು ನೋಡಬಹುದಾದ ಜಾಗ ನನಗೆ ತಿಳಿದಂತೆ ಬಹಳಿಲ್ಲ.

ಅಮೋಂ ಬಂಡೆಯ ಮೇಲಿನ ಪುಟ್ಟ ಪ್ರಾರ್ಥನಾಮಂದಿರಕ್ಕೆ ಮೆಟ್ಟಿಲುಗಳಿವೆ, ಏರು ಕಡಿದು. ನಿಮ್ಮಲ್ಲಿ ಕಾಲು ಗಟ್ಟಿಯಿರುವ ಇಬ್ಬರು ಹೋಗಿ ಬನ್ನಿ, ಒಬ್ಬರು ತಾಯಿಯವರೊಂದಿಗೆ ಇರಿ. ಮೀನುಗಾರರದ್ದಾಗಿದ್ದ ಆ ಮಂದಿರವನ್ನು ಯುದ್ಧಕಾಲದಲ್ಲಿ ಜರ್ಮನ್ನರು ನೆಲಸಮ ಮಾಡಿದರು. ಈಗಿರುವುದು ಆಮೇಲೆ ಕಟ್ಟಿದ್ದು. ಪಕ್ಕದಲ್ಲಿ ಇಬ್ಬರು ವಿಮಾನಚಾಲಕರ ಸ್ಮಾರಕವಿದೆ. 1927ರ ಮೇ 8ರಂದು ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಹಾರಲು ಹೊರಟ ನುಂಜೆಸೆರ್ ಮತ್ತು ಕೊಲಿ ಅವರ ‘ಬಿಳಿ ಹಕ್ಕಿ’ ಎಂಬ ವಿಮಾನ ಫ್ರಾನ್ಸಿನ ನೆಲ ಬಿಟ್ಟು ಕಡಲಿನ ಮೇಲೆ ಸಾಗಿದ್ದು ಇಲ್ಲಿಂದಲೇ. ಆಮೇಲೆ ಅವರ ಸುಳಿವು ಸಿಗಲಿಲ್ಲ. ಎರಡು ವಾರ ಕಳೆಯುವುದರೊಳಗೆ ಅಮೆರಿಕದ ವಿಮಾನಚಾಲಕ ಲಿಂಡ್‌ಬರ್ಗ್ ಎದುರು ದಿಕ್ಕಿನಿಂದ ಹಾರಿ ಪ್ಯಾರಿಸ್ ತಲುಪಿದರು.

ತಾಯಿಯವರು ಕುಳಿತಿರುವ ಕಟ್ಟೆಯ ಸುತ್ತಲೂ ಊರಿನ ಚರಿತ್ರೆ ಹರಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿಗರು ಕಡಲ ಸ್ನಾನಕ್ಕೆಂದು ಬರುವ ಮೊದಲು ಇದು ಮೀನುಗಾರರ ಹಳ್ಳಿ. ಬಂದರಿಲ್ಲದ ಕಾರಣ ದೋಣಿಗಳನ್ನು ರಾಟೆ ತಿರುಗಿಸಿ ಕಲ್ಲಿನ ಮೇಲೆಯೇ ಎಳೆದು ತರುತ್ತಿದ್ದರು. ಹಳತಾದ ದೋಣಿಗೆ ಹುಲ್ಲಿನ ಮಾಡು ಹೊದಿಸಿ ಬಲೆ, ಹಗ್ಗ ಇಡುವ ಕೊಟ್ಟಿಗೆ ಮಾಡಿಕೊಳ್ಳುತ್ತಿದ್ದರು. ‘ಕಲೋಜ್’ ಎಂಬ ಅಂತಹ ಗುಡಿಸಲುಗಳನ್ನು ಈಗಲೂ ಕಾಣಬಹುದು. ಊರಿನ ಕಣಿವೆಯ ಹೊಳೆ ನೆಲದೊಳಗೆ ಹರಿದು ತೀರದ ಕಲ್ಲುಗಳ ನಡುವೆ ಸಿಹಿನೀರಾಗಿ ಉಕ್ಕುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಅಲ್ಲಿ ಕಲ್ಲನ್ನು ತೋಡಿ ಗುಂಡಿ ಮಾಡಿಕೊಂಡು ಬಟ್ಟೆ ಜಾಲಿಸುತ್ತಿದ್ದರು, ಕಡಲಿನಿಂದ ಕೆಲವೇ ಮಾರು ದೂರದಲ್ಲಿ, ಸಿಹಿನೀರಿನಲ್ಲಿ! ಕಥೆಗಾರ ಮೊಪಾಸಾ ಬಾಲ್ಯ ಕಳೆದದ್ದು ಈ ಊರಿನಲ್ಲಿಯೇ.

ಪ್ಯಾರಿಸ್‌ನ ಸ್ಯಾಂ ಲಜಾರ್ ನಿಲ್ದಾಣದಿಂದ ಲ ಹಾವ್ರ್‌ಗೆ ರೈಲಿನಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚು; ಅಲ್ಲಿಂದ ಎತ್ರೆತಾಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸು. ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಹೋದ ಕೂಡಲೇ ನೋಡಿಟ್ಟುಕೊಳ್ಳಿ. ಆದರೆ ಒಂದೇ ದಿನದಲ್ಲಿ ಹೋಗಿ ಬರುವುದು ತಾಯಿಯವರಿಗೆ ದಣಿವಾದೀತು. ಒಂದು ರಾತ್ರಿ ಉಳಿದರೆ ಭರತ, ಇಳಿತ ಎರಡನ್ನೂ ಬೆಳಕಿನಲ್ಲಿ ನೋಡಬಹುದು. ಊರಿನ ಜನಸಂಖ್ಯೆ ಸಾವಿರದ ಚಿಲ್ಲರೆಯಷ್ಟಿದ್ದು, ರಜೆಯ ದಿನಗಳಲ್ಲಿ ಕಿಕ್ಕಿರಿಯುವುದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಗಾಳಿ ಕೊರೆಯುತ್ತದೆ, ಕಿವಿ ಮುಚ್ಚುವ ಟೋಪಿ ಬೇಕು. ನೀರಿಗಿಳಿಯುವ ಯೋಚನೆ ಬೇಡ. ನೀರು 10 ಡಿಗ್ರಿಯ ಸುತ್ತ ಇರುತ್ತದೆ, ದಡ ಒಮ್ಮೆಲೇ ಆಳಕ್ಕಿಳಿಯುತ್ತದೆ.

ಕೊನೆಯದು ತುಳಸಿಕಟ್ಟೆಯ ಕಲ್ಲಿನ ಮಾತು. ನದಿಯಿಂದ ಬಂದ ಬಾಣಲಿಂಗವನ್ನೂ ಸಾಲಿಗ್ರಾಮವನ್ನೂ ಪೂಜಿಸುವ ನಮ್ಮ ಮನೆಗಳಲ್ಲಿ, ನೀರು ತಿದ್ದಿದ ಕಲ್ಲಿನ ಮೇಲೆ ಪ್ರೀತಿ ಹುಟ್ಟುವುದು ಸಹಜ. ತಾಯಿಯವರ ಬಯಕೆಯನ್ನು ನಾನು ಚೆನ್ನಾಗಿ ಬಲ್ಲೆ. ಆದರೆ ಅಲ್ಲಿ ಕಲ್ಲು ಒಯ್ಯುವುದಕ್ಕೆ ನಿಷೇಧವಿದೆ, ದಂಡವೂ ಉಂಟು. ಆ ನಿಷೇಧಕ್ಕೆ ಗಟ್ಟಿಯಾದ ಕಾರಣವಿದೆ. ಚಳಿಗಾಲದ ಅಲೆಯ ಹೊಡೆತವನ್ನು ಊರಿಗೂ ಬಂಡೆಯ ಬುಡಕ್ಕೂ ತಾಕದಂತೆ ಮೊದಲು ತಡೆಯುವುದು ಈ ಕಲ್ಲಿನ ದಿಬ್ಬವೇ. ಅಲೆಯ ಬಲ ಕಲ್ಲುಗಳನ್ನು ಉರುಳಿಸುವುದರಲ್ಲಿಯೇ ಅರ್ಧ ಸೋಲುತ್ತದೆ. ಹಿಂದೆ ಈ ಕರಾವಳಿಯಿಂದ ಪಿಂಗಾಣಿ ಮೊದಲಾದ ಉದ್ಯಮಗಳಿಗೆಂದು ಅಪಾರ ಪ್ರಮಾಣದಲ್ಲಿ ಕಲ್ಲು ಸಾಗಿಸಿದರು. ಚಕಮಕಿಯನ್ನು ಸುಟ್ಟರೆ ಬೆಳ್ಳಗಾಗಿ ಪುಡಿಯಾಗುತ್ತದೆ. ಹಾಗೆ ಹೋದದ್ದನ್ನು ತುಂಬಿಕೊಡಲು ಬಂಡೆಗೆ ಶತಮಾನಗಳೇ ಬೇಕು. ನೀವು ತರುವುದು ನಾಲ್ಕೇ ಕಲ್ಲು ಇರಬಹುದು, ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುವ ತೀರದಲ್ಲಿ ಪ್ರತಿಯೊಬ್ಬರೂ ನಾಲ್ಕು ಕಲ್ಲನ್ನು ಚೀಲಕ್ಕೆ ಹಾಕಿಕೊಂಡರೆ ಏನಾಗುತ್ತದೆಂದು ಲೆಕ್ಕ ಹಾಕಿ.

ತರುವ ಬದಲು ಅಲ್ಲಿಯೇ ಒಂದು ಕಲ್ಲನ್ನು ತಾಯಿಯವರ ಅಂಗೈಯಲ್ಲಿಡಿ. ಸಾಧ್ಯವಾದರೆ ಒಂದು ಭೂತಗನ್ನಡಿ ಒಯ್ಯಿರಿ. ನುಣುಪಾಗಿ ಕಾಣುವ ಆ ಬೂದುಬಣ್ಣದ ಮೈಮೇಲೆ, ಯಾರೋ ಉಗುರಿನ ತುದಿ ಒತ್ತಿದಂತೆ ನೂರಾರು ಅರ್ಧಚಂದ್ರಗಳು ಕಾಣುತ್ತವೆ. ಒಂದೊಂದು ಅರ್ಧಚಂದ್ರವೂ ಒಂದು ಅಲೆಯಲ್ಲಿ ಇನ್ನೊಂದು ಕಲ್ಲು ಬಂದು ಬಡಿದ ಗುರುತು. ನೋಡಿದ ಮೇಲೆ ಕಲ್ಲನ್ನು ಎತ್ತಿಕೊಂಡಲ್ಲಿಯೇ ಇಡಲಿ. ಆಮೇಲೆ ಸುಮ್ಮನೆ ಕುಳಿತು ಕಿವಿಗೊಡಿ. ಅಲೆ ಬರುವಾಗಿನ ಸದ್ದು ಎಲ್ಲ ಕಡಲುಗಳದ್ದೂ ಒಂದೇ. ಹಿಂದೆ ಸರಿಯುವಾಗ ಮಾತ್ರ, ನೀರಿನೊಂದಿಗೆ ಸಾವಿರಾರು ಕಲ್ಲುಗಳು ಉರುಳಿ, ದೊಡ್ಡ ಮೊರದಲ್ಲಿ ಹುರುಳಿ ಕೇರಿದಂತೆ ಗರಗರನೆ ಸದ್ದಾಗುತ್ತದೆ, ಕ್ಷಣ ನಿಲ್ಲುತ್ತದೆ, ಮತ್ತೆ ಆಗುತ್ತದೆ. ಅದನ್ನು ಮಗಳ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಗಾಳಿಗೆ ಬೆನ್ನು ಮಾಡಿ, ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದರೆ ಸದ್ದು ಸ್ಪಷ್ಟವಾಗಿ ಸಿಗುತ್ತದೆ.